ಬಾಯಲ್ಲಿ ಹಿಡಿದ ನೀರು

ದಾವಣಗೆರೆಯ ವಿನೋಬನಗರದಲ್ಲಿ ಹುಟ್ಟಿ ಬೆಳೆದ ನನಗೆ ನೀರೆಂದರೆ ನಲ್ಲಿಯಲ್ಲಿ ಬರುವಂಥದ್ದು. ಬಂದರೆ ಬಂತು, ಬರದಿದ್ದರೆ ಕೊಡ ಹಿಡಿದುಕೊಂಡು ಸಾಲಿನಲ್ಲಿ ನಿಂತು ಜಗಳವಾಡುವುದು. ಮನುಷ್ಯ ಮುಳುಗುವಷ್ಟು ನೀರನ್ನು ಮದುವೆಯಾಗುವ ತನಕ ಹತ್ತಿರದಿಂದ ಕಂಡವಳೇ ಅಲ್ಲ ನಾನು. ಅಂಥವಳನ್ನು ನಮ್ಮಪ್ಪ ತಂದು ಹೊಳೆಯ ನಟ್ಟನಡುವೆ ಬಿಟ್ಟ. ಅಪ್ಪ ಮಂಡಿಪೇಟೆಯ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಸಂಬಂಧ ನೋಡಲು ಹೋದದ್ದು ಬೇಸಿಗೆಯಲ್ಲಿ. ಆಗ ಹೊಳೆ ಮೊಣಕಾಲುದ್ದ. ಪಂಚೆ ಎತ್ತಿ ಕಟ್ಟಿಕೊಂಡು ನಡೆದೇ ದಾಟಿದ, ಎಳನೀರು ಕುಡಿದ, ಒಪ್ಪಿಕೊಂಡು ಬಂದ. "ಹೊಳಿ ನಡುವೆ ತ್ವಾಟ ಐತವ್ವ, ನಿನ್ನ ಪುಣ್ಯ" ಎಂದ. ಒಂದು ಸಲ ಮಳೆಗಾಲದಲ್ಲಿ ಹೋಗಿ ನೋಡಬಾರದಿತ್ತೇ ಪುಣ್ಯಾತ್ಮ!

ಹರಿಹರದಿಂದ ಸ್ವಲ್ಪ ಕೆಳಗೆ ತುಂಗಭದ್ರೆ ಎರಡಾಗಿ ಒಡೆದು, ಮುಂದೆ ಹೋಗಿ ಮತ್ತೆ ಕೂಡುವ ಕಡೆ ನಮ್ಮ ನಡುಗಡ್ಡೆ. ಅದನ್ನು ಎಲ್ಲರೂ 'ಗಡ್ಡೆ' ಎಂದೇ ಕರೆಯುತ್ತಿದ್ದರು. ಕೆಲವು ಮನೆಗಳು, ತೆಂಗು, ಕಬ್ಬು, ಬದನೆ ಮಡಿಗಳು, ಒಂದು ಗುಡಿ. ಮಳೆ ಹಿಡಿಯುವ ಮುಂಚೆಯೇ ಸೀಮೆಎಣ್ಣೆ, ಉಪ್ಪು, ಬೆಂಕಿಪೊಟ್ಟಣ, ಜ್ವರದ ಮಾತ್ರೆ ಎಲ್ಲವನ್ನೂ ತಂದು ಡಬ್ಬಿಗಳಲ್ಲಿ ತುಂಬಿಡಬೇಕು. ಹೊಳೆಯ ಹೊಸ ನೀರು ಕೆಂಪಗೆ ಬಂತೆಂದರೆ ಶಾಲೆಯ ಮೇಷ್ಟ್ರು ಬರುವುದಿಲ್ಲ, ಅಂಚೆಯವನು ಬರುವುದಿಲ್ಲ, ನೆಂಟರಂತೂ ಮೊದಲೇ ಇಲ್ಲ. ಆ ವರ್ಷಗಳಲ್ಲಿ ಮೇಲಿಂದ ಮೇಲೆ ಚುನಾವಣೆ ಬರುತ್ತಿತ್ತು. ಪ್ರತಿ ಸಲವೂ ಯಾರಾದರೊಬ್ಬರು ಬಿಳಿ ಬಟ್ಟೆ ತೊಟ್ಟು ಹರಿಗೋಲಿನಲ್ಲಿ ಬಂದು ಸೇತುವೆ ಕಟ್ಟಿಸುತ್ತೇವೆಂದು ಕೈಮುಗಿಯುತ್ತಿದ್ದರು. ಬುಟ್ಟಿಯಂಥ ಆ ದೋಣಿ ನಡುಹೊಳೆಯಲ್ಲಿ ಒಂಚೂರು ತಿರುಗಿದರೆ ಸಾಕು, "ಅಯ್ಯಯ್ಯೋ ದಂಡಿಗೆ ತಗೊಳ್ರೋ" ಎಂದು ಅವರೇ ಎಲ್ಲರಿಗಿಂತ ಜೋರಾಗಿ ಬಾಯಿ ಬಡಿದುಕೊಳ್ಳುತ್ತಿದ್ದರು. "ಅವರ ಜೀವಕ್ಕ ಬೆಲಿ ಐತೆ ಬಿಡು, ನಮ್ದು ಹೊಳಿಗೇ ಬರದಿಟ್ಟಿದ್ದು" ಎನ್ನುತ್ತಿದ್ದರು ನಮ್ಮತ್ತೆ.

ಅತ್ತೆ ಗಟ್ಟಿ ಹೆಂಗಸು. ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಹಾವು ಬಂದರೂ ಪೊರಕೆ ಹಿಡಿದು ಹೋಗುವವರು. ನಾನೋ, ಹೊಳೆಯ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುವವಳು. "ದಾವಣಗೇರಿ ಹುಡುಗಿ ಕೊಡದಾಗಿನ ನೀರಿಗೂ ಹೆದರತಾಳೆ" ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಹೆದರಿಕೆ ನನ್ನದು, ಅವರಪ್ಪನ ಮನೆಯದಲ್ಲವಲ್ಲ.

ಗಡ್ಡೆಯಲ್ಲೊಂದು ಪದ್ಧತಿ ಇತ್ತು. ಹೊಸ ನೀರು ಬಂದ ಮೇಲೆ ಮನೆಯವರು ಯಾರಾದರೂ ಹರಿಗೋಲು ಹತ್ತಿದರೆ, ಆ ಮನೆಯ ಹಿರಿಯ ಹೆಂಗಸು ಹೊಳೆಯಿಂದ ಬೊಗಸೆ ನೀರು ತೆಗೆದು ಬಾಯಿಗೆ ಹಾಕಿಕೊಂಡು ದಂಡೆಯಲ್ಲಿ ನಿಲ್ಲಬೇಕು. ನುಂಗುವಂತಿಲ್ಲ, ಉಗುಳುವಂತಿಲ್ಲ. ಹರಿಗೋಲು ಹತ್ತಿದವರನ್ನು ಹಿಂದಿನಿಂದ ಕರೆಯಬಾರದು, ಕರೆದರೆ ಹೊಳೆ ಕೇಳಿಸಿಕೊಂಡು ಅವರನ್ನು ತನ್ನ ಕಡೆ ಕರೆದುಕೊಳ್ಳುತ್ತದೆಂದು ಅವರ ನಂಬಿಕೆ. ಬಾಯಲ್ಲಿ ನೀರಿದ್ದರೆ ಕರೆಯುವ ಮಾತೆಲ್ಲಿ ಬಂತು? ಆಚೆ ದಂಡೆ ಮುಟ್ಟಿದ ಕೂಡಲೇ ಹರಿಗೋಲಿನವನು ಹುಟ್ಟಿನ ತುದಿಗೆ ಟವೆಲ್ ಕಟ್ಟಿ ಎತ್ತಿ ತೋರಿಸುತ್ತಾನೆ. ಅದು ಕಂಡ ಮೇಲೆ ಬಾಯಿಯ ನೀರನ್ನು ಬಗ್ಗಿ ಹೊಳೆಗೇ ಬಿಟ್ಟು, "ಮುಟ್ಟಿದ" ಎಂದು ಹೇಳಿ ಮನೆಗೆ ಬರಬೇಕು.

ಹೊಸದಾಗಿ ಬಂದಾಗ ಅತ್ತೆ ಕೆನ್ನೆ ಉಬ್ಬಿಸಿಕೊಂಡು ಗುಡಿಯ ಮುಂದಿನ ಬಸವಣ್ಣನ ಹಾಗೆ ನಿಂತದ್ದನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಅವರು ಆಗ ಬರೀ ಕಣ್ಣು ಕೆಂಪು ಮಾಡಿದರು. ನೀರು ಬಿಟ್ಟ ಮೇಲೆ, "ನಗು ನಗು. ನಿನ್ನ ಮಗಳು ಹರಗೋಲು ಹತ್ತಿದಾಗ ಹೆಂಗೆ ನಗ್ತೀಯ ನೋಡ್ತೀನಿ" ಎಂದರು. ಆಗಿನ್ನೂ ನನಗೆ ಮಗಳೇ ಇರಲಿಲ್ಲ. ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು, ಆಮೇಲೆ ನಗಲಿಲ್ಲ. ಮಗಳು ಹುಟ್ಟಿ ಮಾತು ಕಲಿತ ಮೇಲೆ ತಾನೂ ಅಜ್ಜಿಯ ಪಕ್ಕ ನಿಲ್ಲುತ್ತೇನೆಂದು ಹಟ ಮಾಡುತ್ತಿದ್ದಳು. ಅತ್ತೆ ಗದರಿಸಿ ಕಳಿಸುತ್ತಿದ್ದರು. ಮಕ್ಕಳ ಕೆಲಸ ಅಲ್ಲ ಅದು ಎನ್ನುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಮಗಳಿಗೆ ಐದು ವರ್ಷ. ಬೇಸಿಗೆಯ ಕೊನೆಗೆ ಕಡರನಾಯಕನಹಳ್ಳಿಯ ನಾದಿನಿಯ ಮನೆಗೆ ಹೋಗಿದ್ದಾಗ ಅವಳಿಗೆ ಬೀದಿನಾಯಿ ಕಚ್ಚಿತು. ಮೀನಖಂಡದಲ್ಲಿ ಹಲ್ಲಿನ ಗುರುತು ಚೆನ್ನಾಗಿ ಮೂಡಿತ್ತು. ದಾವಣಗೆರೆಯ ಡಾಕ್ಟರಮ್ಮ ಗಾಯ ತೊಳೆದು, "ಆ ನಾಯಿ ಮೇಲೆ ಒಂದು ಕಣ್ಣಿಟ್ಟಿರ್ರಿ" ಎಂದರು. ಎಲ್ಲಿ ಇಡುವುದು? ಮರುದಿನದಿಂದ ಆ ನಾಯಿ ಊರಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಸತ್ತಿತೋ, ಯಾರಾದರೂ ಹೊಡೆದು ಹಾಕಿದರೋ, ಬೇರೆ ಊರಿಗೆ ಹೋಯಿತೋ, ದೇವರಿಗೇ ಗೊತ್ತು. ತವರಲ್ಲೇ ಇದ್ದು ಒಂದಾದ ಮೇಲೊಂದು ಸೂಜಿ ಹಾಕಿಸಿದೆ. ಕೊನೆಯದೊಂದು ಉಳಿಯಿತು. "ಅದನ್ನ ಮಾತ್ರ ತಪ್ಪಿಸಬ್ಯಾಡ್ರಿ" ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದರು.

ತಪ್ಪಿಸಿದರೆ ಏನಾಗುತ್ತದೆಂದು ವಿನೋಬನಗರದ ಪಕ್ಕದ ಮನೆಯ ದೊಡ್ಡಮ್ಮ ಪಡಸಾಲೆಯಲ್ಲಿ ಕೂತು ಬಿಡಿಸಿ ಬಿಡಿಸಿ ಹೇಳಿದಳು. ನೀರು ಕಂಡರೆ ಬೆದರುತ್ತಾರಂತೆ. ಗಂಟಲು ಬಿಗಿದು ಒಂದು ಗುಟುಕೂ ಇಳಿಯುವುದಿಲ್ಲವಂತೆ. ಜೊಲ್ಲು ಸುರಿಯುತ್ತದಂತೆ, ಕತ್ತಲೆಯ ಮೂಲೆ ಹುಡುಕಿ ಕೂರುತ್ತಾರಂತೆ, ಆಮೇಲೆ ಯಾವ ಡಾಕ್ಟರಿಂದಲೂ ಆಗುವುದಿಲ್ಲವಂತೆ. ಹೇಳಿ, ಒಂದು ಬೊಗಸೆ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಎದ್ದು ಹೋದಳು ಮಹಾತಾಯಿ. ಅವತ್ತಿನಿಂದ ಮಗಳು ನೀರು ಕುಡಿಯುವಾಗೆಲ್ಲ ನಾನು ಅವಳ ಗಂಟಲನ್ನೇ ನೋಡುತ್ತ ಕೂರುವುದನ್ನು ಕಲಿತೆ. ಇಳಿಯಿತು ಎಂದಾಗ ನನ್ನ ಉಸಿರು ಇಳಿಯುತ್ತಿತ್ತು.

ಕೊನೆಯ ಸೂಜಿಗೆ ಇನ್ನೂ ದಿನ ಇತ್ತು. ಗಡ್ಡೆಯಲ್ಲಿ ದನಕರು, ಬದನೆ ಸಸಿ, ಎಲ್ಲವನ್ನೂ ಅತ್ತೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಮಗಳನ್ನು ಕರೆದುಕೊಂಡು ವಾಪಸ್ಸು ಬಂದೆ. "ಹೊಸ ನೀರು ಬರಾಕ ಇನ್ನಾ ಟೈಮ್ ಐತೆ, ಸೂಜಿ ಹರಿಹರದಾಗೇ ಹಾಕ್ಸಣ" ಎಂದರು ನಮ್ಮನೆಯವರು. ಹೊಳೆ ಯಾರ ಮಾತು ಕೇಳುತ್ತದೆ? ಮೇಲೆ ಮಲೆನಾಡಲ್ಲಿ ಮಳೆ ಹಿಡಿದು, ನಾವು ಎಣಿಸಿದ್ದಕ್ಕಿಂತ ಮುಂಚೆಯೇ ಕೆಂಪು ನೀರು ಬಂದೇಬಿಟ್ಟಿತು.

ನಮ್ಮನೆಯವರಿಗೆ ಹೊಳೆಯಾಚೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹೊಳೆ ಏರಿದ ಕಾಲದಲ್ಲಿ ಒಮ್ಮೆ ದಾಟಿದರೆ ವಾರಗಟ್ಟಲೆ ಹರಿಹರದಲ್ಲೇ ಗೆಳೆಯನ ರೂಮಿನಲ್ಲಿ ಇರುತ್ತಿದ್ದರು. ಆ ಬೆಳಿಗ್ಗೆಯೂ ಹೊರಟರು. "ನೀರು ಒಂಚೂರು ಇಳೀತಿದ್ದಂಗೆ ಹರಗೋಲು ಕಳಸ್ತೀನಿ. ಕೂಸನ್ನ ಕರಕಂಡು ಬಂದುಬಿಡು" ಎಂದು ನನಗೆ ಹೇಳಿ, ಮಗಳ ಕೆನ್ನೆ ಹಿಂಡಿ, ಹರಿಗೋಲು ಹತ್ತಿದರು. ಅತ್ತೆ ಬೊಗಸೆ ನೀರು ಬಾಯಿಗೆ ಹಾಕಿಕೊಂಡರು. ನಾನೂ ಮಗಳೂ ಪಕ್ಕದಲ್ಲಿ ನಿಂತೆವು.

ಹರಿಗೋಲು ನಡುಹೊಳೆ ತಲುಪಿರಬೇಕು, ಮೇಲಿನಿಂದ ಮಳೆ ಬಂತು. ಪರದೆ ಎಳೆದಂತೆ ಬಂತು. ನೋಡನೋಡುತ್ತ ಮೊದಲು ಆಚೆ ದಂಡೆ ಹೋಯಿತು, ಆಮೇಲೆ ಹರಿಗೋಲು ಹೋಯಿತು, ಆಮೇಲೆ ಹೊಳೆಯೇ ಕಾಣದಾಯಿತು. ಬರೀ ಸದ್ದು. ನಾವು ನೆನೆಯುತ್ತ ನಿಂತೆವು. ಎಷ್ಟು ಹೊತ್ತಾದರೂ ಟವೆಲ್ಲೂ ಇಲ್ಲ, ಏನೂ ಇಲ್ಲ. ಅತ್ತೆಯ ಮೈ ಚಳಿಗೆ ಗಡಗಡ ನಡುಗುತ್ತಿತ್ತು. ಕೊನೆಗೆ ಅವರು ಬಗ್ಗಿ ನೀರು ಬಿಟ್ಟರು. "ಮುಟ್ಟಿರ್ತಾನೆ ತಗ. ಇಷ್ಟೊತ್ತಿಗೆ ಮುಟ್ಟಿರ್ತಾನೆ. ನಡೀರಿ" ಎಂದರು.

ಯಾವಾಗಲೂ "ಮುಟ್ಟಿದ" ಎನ್ನುವವರು ಅವತ್ತು "ಮುಟ್ಟಿರ್ತಾನೆ" ಎಂದರು. ಕೇಳಲು ಧೈರ್ಯವಾಗಲಿಲ್ಲ, ಮಗಳ ಕೈ ಹಿಡಿದು ಎಳೆದೆ. ಅವಳು ಕೈ ಬಿಡಿಸಿಕೊಂಡು, "ಕಾಲು ಕೆಸರಾಗೈತೆ, ತೊಳಕಂಡು ಬರ್ತೀನಿ" ಎಂದು ನೀರಿನ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. "ದೂರ ಕೂಡ್ರು, ಬಿದ್ದುಗಿದ್ದೀಯ!" ಎಂದು ಕಿರುಚಿದೆ. ಎದ್ದು ಬಂದಳು, ನಮ್ಮ ಹಿಂದೆಯೇ ಮನೆಗೆ ನಡೆದಳು.

ಬೇರೆ ದಿನವಾದರೆ ಮಧ್ಯಾಹ್ನಕ್ಕೆಲ್ಲ ಹರಿಗೋಲು ಗಡ್ಡೆಗೆ ವಾಪಸ್ಸು ಬರುತ್ತಿತ್ತು. ಅವತ್ತು ಬರಲಿಲ್ಲ. ಸಂಜೆಯಾದರೂ ಬರಲಿಲ್ಲ. ದಂಡೆಯ ಹೊಂಗೆಮರದ ಬೇರು ಬೆಳಿಗ್ಗೆ ಕಾಣುತ್ತಿತ್ತು, ಸಂಜೆಗೆ ನೀರು ಬುಡದಲ್ಲಿ ಸುತ್ತುತ್ತಿತ್ತು. ನೆರೆಯವರು ಬಂದು, "ಹೊಳಿ ಏರೈತಲ್ಲ, ಆ ಕಡೇನೇ ಉಳಕಂಡಿರ್ತಾನೆ" ಎಂದರು. ನಾನು ಹೂಂ ಎಂದೆ. ಮಗಳು ಊಟ ಬೇಡವೆಂದು ತಲೆಯಲ್ಲಾಡಿಸಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅಪ್ಪ ಹೋದದ್ದಕ್ಕೆ ಮುನಿಸು ಎಂದುಕೊಂಡು ಸುಮ್ಮನಾದೆ. ಅವಳ ಮೇಲೆ ಗಮನ ಇಡುವ ಸ್ಥಿತಿಯಲ್ಲಿ ನಾನಿರಲಿಲ್ಲ, ಕಿವಿಯೆಲ್ಲ ಹೊಳೆಯ ಕಡೆಗಿತ್ತು.

ಬೆಳಗಾದಾಗ ಹಾಸಿಗೆಯಲ್ಲಿ ಮಗಳಿರಲಿಲ್ಲ. ಅಡುಗೆಮನೆಯಲ್ಲಿ, ನೀರಿನ ಕೊಡಗಳ ಹಿಂದಿನ ಕತ್ತಲೆಯಲ್ಲಿ ಮುದುರಿ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. "ಯಾಕ ಕೂಸೇ, ಏನಾತು?" ಎಂದೆ. ಮಾತಿಲ್ಲ. ನನ್ನನ್ನೇ ನೋಡಿದಳು, ತುಟಿ ಬಿಗಿ ಹಿಡಿದಿದ್ದಳು. ತುಟಿಯ ತುದಿಯಿಂದ ನೀರಿನಂಥದ್ದು ಗದ್ದಕ್ಕೆ ಇಳಿಯುತ್ತಿತ್ತು.

ನಿನ್ನೆಯಿಂದ ಏನೂ ಕುಡಿದಿಲ್ಲವಲ್ಲ ಎಂದು ಆಗ ಹೊಳೆಯಿತು. ಲೋಟದಲ್ಲಿ ನೀರು ತಂದು ಮುಂದೆ ಹಿಡಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡಳು. ಲೋಟ ಹತ್ತಿರ ತಂದಷ್ಟೂ ತಲೆ ಒದರಿದಳು, ಕಾಲಿಂದ ನನ್ನ ಕೈ ಒದ್ದಳು. ಲೋಟ ಬಿತ್ತು. ಆ ಸದ್ದಿಗೆ ಅತ್ತೆ ಹಿತ್ತಿಲಿಂದ ಓಡಿಬಂದರು.

"ಏನೇ ಅದು?"

"ಅತ್ತಿ... ನೀರು ಕುಡೀವಲ್ಲದು. ನೀರು ಕಂಡ್ರೆ ಹೆದರಾಕ ಹತ್ತೈತೆ."

ಅತ್ತೆ ಅವಳನ್ನು ತೊಡೆ ಮೇಲೆ ಎಳೆದುಕೊಂಡು, "ಬಾಯಿ ತಗಿ ನಮ್ಮವ್ವ, ಒಂದು ಗುಟುಕು ಕುಡಿ" ಎಂದು ಕೆನ್ನೆ ಒತ್ತಿದರು. ಬಾಯಿಂದ ಒಂದಿಷ್ಟು ನೀರು ಅತ್ತೆಯ ಸೆರಗಿನ ಮೇಲೆ ಸುರಿಯಿತು. ಮಗಳು ಸದ್ದಿಲ್ಲದೆ ಅತ್ತಳು. ಅಷ್ಟು ಸಣ್ಣ ಮಗು, ಅಳುವಾಗಲೂ ಬಾಯಿ ಬಿಡುತ್ತಿಲ್ಲ! ಕೊಸರಿಕೊಂಡು ಹೋಗಿ ಮತ್ತೆ ಆ ಕೊಡಗಳ ಹಿಂದೆಯೇ ಸೇರಿಕೊಂಡಳು. ಅತ್ತೆ ತಮ್ಮ ಸೆರಗನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸೆರಗಿನ ಒದ್ದೆ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಜೊಲ್ಲಿಗಿಂತ, ತಲೆ ಒದರಿದ್ದಕ್ಕಿಂತ, ಆ ಹೆಂಗಸು ಕೈ ಹಿಂದಕ್ಕೆ ತೆಗೆದುಕೊಂಡದ್ದು ಕಂಡು ನನಗೆ ಜೀವವೇ ಬಾಯಿಗೆ ಬಂತು.

ಗಡ್ಡೆಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಬಾಗಿಲಲ್ಲಿ ಹೆಂಗಸರು ಕೂಡಿದರು. ಯಾರೂ ಹೊಸ್ತಿಲು ದಾಟಲಿಲ್ಲ. ಒಬ್ಬಳು ತನ್ನ ಮಗುವನ್ನು ಹಿಂದಕ್ಕೆ ಎಳೆದುಕೊಂಡು, "ಹತ್ರ ಹೋಗಬ್ಯಾಡ, ಕಚ್ಚಿಗಿಚ್ಚೀತು" ಎಂದಳು. ನಿನ್ನೆಯವರೆಗೆ ಇದೇ ಮಗುವಿಗೆ ತೊಡೆ ಮೇಲೆ ಕೂರಿಸಿ ರೊಟ್ಟಿ ತಿನ್ನಿಸಿದವಳು! "ನಿನ್ನ ನಾಲಿಗಿ ಸೇದಿಹೋಗ, ನಡಿಯೇ ಆಚೆ!" ಎಂದು ಪೊರಕೆ ಎತ್ತಿಕೊಂಡೆ. ಹೋದಳು. ನಾನು ಪೊರಕೆ ಹಿಡಿದುಕೊಂಡೇ ಕುಸಿದು ಕೂತೆ. ಯಾಕೆಂದರೆ ಅವಳು ಹೇಳಿದ್ದೇ ನನ್ನ ತಲೆಯಲ್ಲೂ ಇತ್ತು.

ಸೂಜಿಯ ದಿನ ಇನ್ನೂ ಬಂದಿರಲಿಲ್ಲ. ಆದರೂ ಹರಿಹರದ ಆಸ್ಪತ್ರೆ ಮುಟ್ಟಿದರೆ ಏನಾದರೂ ಮಾಡುತ್ತಾರೆ ಎಂದು ಒಂದೇ ಹಟ ಹಿಡಿಯಿತು ನನಗೆ. ದೊಡ್ಡಮ್ಮ ಹೇಳಿದ "ಯಾವ ಡಾಕ್ಟರಿಂದಲೂ ಆಗುವುದಿಲ್ಲ" ಎಂಬ ಮಾತು ಕಿವಿಯಲ್ಲಿ ಗುಯ್ಗುಡುತ್ತಿತ್ತು, ಅದನ್ನು ಕೇಳಿಸಿಕೊಳ್ಳಲು ನಾನು ತಯಾರಿರಲಿಲ್ಲ. ಆದರೆ ದಾಟುವುದು ಹೇಗೆ? ಊರಿನ ಹರಿಗೋಲು ನನ್ನ ಗಂಡನ ಜೊತೆಗೇ ಹೋದದ್ದು ವಾಪಸ್ಸು ಬಂದಿಲ್ಲ. ಗಡ್ಡೆಯ ತುದಿಯ ಮನೆಯಲ್ಲಿ ಮೀನು ಹಿಡಿಯುವ ಚಾಚಾ ಒಬ್ಬರಿದ್ದರು. ಅವರ ಹಳೆಯ ಹರಿಗೋಲು ಅಂಗಳದಲ್ಲಿ ಬೋರಲು ಬಿದ್ದಿತ್ತು. ತುಂಬ ತೇಪೆ, ತೇಪೆಯ ಮೇಲೆ ಡಾಂಬರು. ಅದರ ಕೆಳಗೆ ಕೋಳಿಗಳು ಸಂಸಾರ ಹೂಡಿದ್ದವು.

ಮಗಳನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಅವರ ಅಂಗಳಕ್ಕೆ ಹೋದೆ. ಅತ್ತೆ ಹಿಂದೆ ಬಂದರು. ಚಾಚಾ ಹೊಳೆ ನೋಡಿದರು.

"ಬೇಟಿ, ಈ ನೀರಾಗ ನಾನು ಮೀನಿಗೂ ಹೋಗಲ್ಲ. ಹರಗೋಲು ನೋಡಿದೀಯಾ? ಕೋಳಿಗೂಡು ಅದು."

"ಹೋಗದಿದ್ರೆ ಇದು ಉಳಿಯಲ್ಲ ಚಾಚಾ" ಎಂದೆ. ಹೊದಿಕೆ ಸರಿಸಿ ಮಗಳ ಮುಖ ತೋರಿಸಿದೆ.

ಅವರು ಮಗುವಿನ ಗದ್ದ ನೋಡಿದರು. ಹೋಗಿ ಕೋಳಿಗಳನ್ನು "ಹುಶ್" ಎಂದು ಎಬ್ಬಿಸಿದರು.

ಹೊಳೆಯ ಹತ್ತಿರ ಬಂದಾಗ ಮಗಳ ಮೈ ನಡುಗತೊಡಗಿತು. ನೀರನ್ನು ನೋಡಿ ಕಣ್ಣು ಅಗಲ ಮಾಡಿದಳು. ನನಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಹರಿಗೋಲಿನ ತಳದಲ್ಲಿ ಕೂತು, ಅವಳನ್ನು ತೊಡೆಯ ನಡುವೆ ಇಟ್ಟುಕೊಂಡು, ಸೆರಗಿನಿಂದ ನನ್ನ ಸೊಂಟಕ್ಕೆ ಬಿಗಿದು ಕಟ್ಟಿಕೊಂಡೆ. ಹೋದರೆ ಇಬ್ಬರೂ ಹೋಗೋಣ ಎಂದುಕೊಂಡೆ. ಅತ್ತೆ ಮಂಡಿಯವರೆಗೆ ನೀರಿಗಿಳಿದು, ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡರು. ಹಣೆಯ ವಿಭೂತಿ ಮಳೆಗೆ ಕರಗಿ ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಚಾಚಾ ಹುಟ್ಟು ಹಾಕಿದರು. ದಂಡೆ ಬಿಟ್ಟದ್ದೇ ತಡ, ಹರಿಗೋಲು ಗಿರ್‍ರನೆ ತಿರುಗಿತು. ಗಡ್ಡೆ, ಹೊಳೆ, ಗಡ್ಡೆ, ಹೊಳೆ, ಎಲ್ಲ ಕಣ್ಣ ಮುಂದೆ ಸುತ್ತಿ ಬಂತು. "ಯಾ ಅಲ್ಲಾ, ಯಾ ಅಲ್ಲಾ" ಎಂದುಕೊಂಡೇ ಚಾಚಾ ಹುಟ್ಟು ಒತ್ತಿದರು, ನಡುನಡುವೆ ಹೊಳೆಯನ್ನು ಬಾಯಿಗೆ ಬಂದಂತೆ ಬೈದರು. ತೇಪೆಯ ಪಕ್ಕದಿಂದ ನೀರು ಜಿನುಗಿ ನನ್ನ ಸೀರೆ ತೊಯ್ದುಹೋಯಿತು. "ತಂಬಿಗಿ ತಗ, ನೀರು ಗೋರಿ ಹಾಕು! ಅಳಬ್ಯಾಡ, ಗೋರು!" ಎಂದು ಗದರಿಸಿದರು. ಗೋರಿದೆ. ಗೋರಿದಷ್ಟೂ ಬಂತು. ಒಂದು ದೊಡ್ಡ ಮರ ಬೇರುಸಮೇತ ನಮ್ಮ ಪಕ್ಕದಲ್ಲೇ ತೇಲಿ ಹೋಯಿತು, ಅದರ ಕೊಂಬೆ ಹರಿಗೋಲಿನ ಅಂಚನ್ನು ಕೆರೆದು ಬಿಟ್ಟಿತು. ನಾನು ಕಣ್ಣು ಮುಚ್ಚಿ ಇಷ್ಟಲಿಂಗವನ್ನು ಸೀರೆಯ ಮೇಲಿಂದಲೇ ಹಿಡಿದುಕೊಂಡೆ.

ಕಣ್ಣು ಬಿಟ್ಟು ನೋಡಿದರೆ ಮಗಳು ನನ್ನನ್ನು ನೋಡುತ್ತಿರಲಿಲ್ಲ, ನೀರನ್ನೂ ನೋಡುತ್ತಿರಲಿಲ್ಲ. ರೆಪ್ಪೆ ಬಡಿಯದೆ ಆಚೆ ದಂಡೆಯನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಮಗುವಿನ ನೋಟದಂತೆ ಕಾಣಲಿಲ್ಲ. ಹತ್ತಿರ ಅಪ್ಪಿಕೊಳ್ಳಲು ಹೋಗಿ ಒಂದು ಕ್ಷಣ ತಡೆದೆ. ನನ್ನ ಮಗಳನ್ನು ಮುಟ್ಟಲು ನಾನೇ ಹೆದರಿದೆ. ಆ ಒಂದು ಕ್ಷಣ ಈಗಲೂ ನೆನಪಾದರೆ ಮೈ ಜುಂ ಎನ್ನುತ್ತದೆ. ಆಮೇಲೆ, ಏನಾದರಾಗಲಿ ಎಂದು ಗಟ್ಟಿಯಾಗಿ ಅಪ್ಪಿಕೊಂಡೆ.

ಹಿಂತಿರುಗಿ ನೋಡಿದೆ. ಮಳೆ ಮತ್ತೆ ಜೋರಾಗಿತ್ತು. ಗಡ್ಡೆ ಕಾಣಲಿಲ್ಲ, ಅತ್ತೆ ಕಾಣಲಿಲ್ಲ.

ಸೆಳವು ನಮ್ಮನ್ನು ಬಹಳ ಕೆಳಗೆ ತಂದು ಹಾಕಿತ್ತು. ಎದುರಿಗೆ ದಂಡೆ ಮಸುಕಾಗಿ ಮೂಡಿತು. ಒಂದು ಜಾಲಿಮರ, ಅದರ ಕೆಳಗೆ ಬೋರಲು ಮಾಡಿದ ಹರಿಗೋಲು, ಅದರ ಪಕ್ಕ ಇಬ್ಬರು. ಒಬ್ಬರು ನಮ್ಮನ್ನು ಕಂಡು ಎದ್ದು ನಿಂತರು. ಕೂಗುತ್ತ ಓಡಿ ಬಂದು ನೀರಿನ ಅಂಚಿನಲ್ಲಿ ನಿಂತರು. ನಮ್ಮನೆಯವರು!

ನಿನ್ನೆ ಇವರ ಹರಿಗೋಲೂ ಸೆಳವಿಗೆ ಸಿಕ್ಕಿ ಇಲ್ಲಿಗೇ ಬಂದು, ದಂಡೆಯ ಬಂಡೆಗೆ ಹೊಡೆದು ತಳ ಹರಿದುಹೋಗಿತ್ತಂತೆ. ಟವೆಲ್ ಎತ್ತಿದ್ದರಂತೆ, ಮಳೆಯಲ್ಲಿ ಯಾರಿಗೆ ಕಾಣಬೇಕು? ಹರಿಹರಕ್ಕೆ ಹೋಗಿ ಡಾಂಬರು ತಂದು ಬೆಳಗಿನಿಂದ ತೇಪೆ ಹಾಕುತ್ತ ಕೂತಿದ್ದರಂತೆ. ಇದೆಲ್ಲ ಗೊತ್ತಾದದ್ದು ಆಮೇಲೆ. ಆಗ ನನಗೆ ಕಂಡದ್ದು, ಆ ಮನುಷ್ಯ ಬದುಕಿದ್ದಾರೆ ಎನ್ನುವುದು ಮಾತ್ರ. ಅವರು ಸೊಂಟದವರೆಗೆ ನೀರಿಗಿಳಿದು, ಚಾಚಾ ಎಸೆದ ಹಗ್ಗ ಹಿಡಿದು ಎಳೆದರು. "ಹುಚ್ಚು ಹಿಡಿದೈತೇನೇ ನಿನಗೆ, ಈ ನೀರಾಗ ಬರ್ತಾರಾ?" ಎಂದು ಬೈಯುತ್ತಲೇ ಎಳೆದರು.

ಅಷ್ಟರಲ್ಲಿ ಮಗಳು ಸೆರಗಿನ ಗಂಟಿನೊಳಗೇ ಎದ್ದು ನಿಂತಳು. ಅಪ್ಪ ಹಗ್ಗ ಹಿಡಿದು ಹಿಂದೆ ಹಿಂದೆ ಹೋಗಿ ಕೆಸರಿನ ಮೇಲೆ ಕಾಲಿಟ್ಟದ್ದನ್ನು ನೋಡಿದಳು. ಎರಡೂ ಕಾಲು ಮೇಲೆ ಬಂದದ್ದನ್ನು ಚೆನ್ನಾಗಿ ನೋಡಿದಳು. ಆಮೇಲೆ ಹರಿಗೋಲಿನ ಅಂಚಿಗೆ ಬಗ್ಗಿ, ಬಾಯಲ್ಲಿದ್ದ ನೀರನ್ನು ಹೊಳೆಗೆ ಬಿಟ್ಟಳು.

"ಅಪ್ಪ ಮುಟ್ಟಿದ" ಎಂದಳು.

ಚಾಚಾರ ಕೈಯಲ್ಲಿ ಹುಟ್ಟು ಹಾಗೇ ನಿಂತಿತು. ನಾನು ಬೆಪ್ಪಳಂತೆ ಅವಳ ಬಾಯಿ ನೋಡಿದೆ. "ಅವ್ವಾ, ನೀರು ಕೊಡು, ಬಾಯಾರಿಕಿ" ಎಂದಳು. ದಂಡೆಗೆ ಇಳಿಸಿದೆವು. ಹರಿಗೋಲಿನವನ ಪ್ಲಾಸ್ಟಿಕ್ ಕ್ಯಾನಿಗೆ ಬಾಯಿ ಹಚ್ಚಿ ಗಟಗಟ ಕುಡಿದಳು, ಉಸಿರು ತಗೊಂಡು ಮತ್ತೆ ಕುಡಿದಳು. ಅವಳ ಗಂಟಲು ಏರಿ ಇಳಿಯುವುದನ್ನೇ ನೋಡುತ್ತ ಕೆಸರಲ್ಲಿ ಕೂತುಬಿಟ್ಟೆ. ಕೂತವಳು ಎದ್ದು ಅವಳ ಬೆನ್ನಿಗೆ ಒಂದು ಬಿಗಿದೆ. "ಒಂದು ಮಾತು ಹೇಳಾಕ ಏನಾಗಿತ್ತೇ ನಿನಗೆ? ನಮ್ಮನ್ನೆಲ್ಲ ಸಾಯಿಸಿಬಿಡ್ತಿದ್ದೆಲ್ಲೇ!" ಎಂದು ಹೊಡೆದು, ಹೊಡೆದ ಜಾಗವನ್ನೇ ಉಜ್ಜುತ್ತ, ದನಿ ತೆಗೆದು ಅತ್ತುಬಿಟ್ಟೆ.

ಅವಳೂ ಅತ್ತಳು. ಬಾಯಿ ತೆರೆದು, ಜೋರಾಗಿ ಅತ್ತಳು.

"ಮಾತಾಡಬಾರ್ದಲ್ಲ, ಬಾಯಾಗ ನೀರಿತ್ತಲ್ಲ! ಅಜ್ಜಿ ಟವೆಲ್ ಕಾಣೋಕಿಂತ ಮುಂಚೇನೇ ಬಿಟ್ಟುಬಿಟ್ಲು. ನೀನೂ ಮನಿಗೆ ನಡಿ ಅಂದಿ. ಅಪ್ಪಂಗೆ ಯಾರೂ ಇರಲಿಲ್ಲ. ಅದಕ್ಕ ನಾನು ಕಾಲು ತೊಳಿಯಾಕ ಹೋಗಿ ಹಾಕ್ಕಂಡೆ."

ಅವಳು ಮೂಗು ಒರೆಸಿಕೊಂಡು ಅಪ್ಪನ ಅಂಗಿ ಹಿಡಿದುಕೊಂಡಳು.

"ರಾತ್ರಿ ನಿದ್ದಿ ಬಂದು ನುಂಗಿಬಿಟ್ಟೆ ಅಪ್ಪಾ. ಎದ್ದು ನೋಡಿದ್ರೆ ಬಾಯಾಗ ಇರಲಿಲ್ಲ. ನೀನು ಮುಳುಗಿದೀಯ ಅಂದ್ಕಂಡೆ. ಮತ್ತ ಕೊಡದಾಗಿಂದ ಹಾಕ್ಕಂಡೆ, ಅದು ನಡೀತೈತೋ ಇಲ್ಲೋ ಗೊತ್ತಿರಲಿಲ್ಲ."

ಕೊಡಗಳ ಹಿಂದಿನ ಕತ್ತಲೆಯಲ್ಲಿ ಕೂತು ಅವಳು ಹೆದರಿದ್ದು ಅದಕ್ಕೆ. ಹೊಳೆ ನೋಡಿ ನಡುಗಿದ್ದು ಅದಕ್ಕೆ. ನಾನು ಅವಳ ಸಾವಿಗೆ ಹೆದರುತ್ತ ಕೂತಿದ್ದೆ, ಅವಳು ತಾನೇ ಅಪ್ಪನನ್ನು ಮುಳುಗಿಸಿದೆ ಎಂದು ಹೆದರುತ್ತ ಕೂತಿದ್ದಳು. ಅದೂ ಒಬ್ಬಳೇ, ಬಾಯಿ ಬಿಡದೆ. ನಮ್ಮನೆಯವರು ಅವಳನ್ನು ಎತ್ತಿಕೊಂಡು ಜಾಲಿಮರದ ಕಡೆ ಮುಖ ತಿರುಗಿಸಿ ನಿಂತರು.

"ನಡಿ, ಆಸ್ಪತ್ರಿಗೆ ಹೋಗಿ ಆ ಸೂಜಿದು ಕೇಳ್ಕಂಡೇ ಹೋಗಣ, ಇಲ್ಲೇ ಹರಿಹರದಾಗೇ ಇದ್ದು ಹಾಕಿಸ್ಕಂಡು ಹೋದ್ರಾತು" ಎಂದರು ಕೊನೆಗೆ. ನಾನು ಎದ್ದೆ. ಮಗಳು ಅಪ್ಪನ ಹೆಗಲ ಮೇಲಿಂದ ಹೊಳೆಯ ಕಡೆ ನೋಡುತ್ತಿದ್ದಳು.

"ಅಜ್ಜಿಗೆ ಟವೆಲ್ ತೋರ್ಸಿಲ್ಲ" ಎಂದಳು.

ಹೌದಲ್ಲ! ಚಾಚಾ ಹುಟ್ಟಿಗೆ ಟವೆಲ್ ಕಟ್ಟಿ ಎತ್ತಿದರು. ಮಳೆ ಸುರಿಯುತ್ತಲೇ ಇತ್ತು, ಆಚೆ ಏನೂ ಕಾಣುತ್ತಿರಲಿಲ್ಲ. "ಮುಟ್ಟಿರ್ತಾರೆ ಅಂತ ಅಜ್ಜಿ ಮನಿಗೆ ಹೋಗಿರ್ತಾಳೆ ಬಿಡು" ಎಂದು ನಮ್ಮನೆಯವರು ಸಮಾಧಾನ ಹೇಳಲು ನೋಡಿದರು. ಮಗಳು ಇಲ್ಲವೆಂದು ತಲೆಯಲ್ಲಾಡಿಸಿದಳು. ಅವಳನ್ನು ಬಲವಂತ ಮಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಟವೆಲ್ ಒದ್ದೆಯಾಗಿ ಹುಟ್ಟಿಗೆ ಅಂಟಿಕೊಂಡಾಗ ಮಗಳಿಗೆ ಸುತ್ತಿ ತಂದಿದ್ದ ನನ್ನ ಕೆಂಪು ಹೊದಿಕೆ ಕಟ್ಟಿದೆವು. ಚಾಚಾರ ತೋಳು ಸೋತಾಗ ನಮ್ಮನೆಯವರು ಹಿಡಿದರು. ಅವರ ತೋಳು ಸೋತಾಗ ನಾನು ಹಿಡಿದೆ.

ಬಹಳ ಹೊತ್ತಾದ ಮೇಲೆ ಮಳೆ ತೆಳುವಾಯಿತು. ಮೊದಲು ತೆಂಗಿನ ತಲೆಗಳು ಕಂಡವು, ಆಮೇಲೆ ದಂಡೆ. ದಂಡೆಯಲ್ಲಿ ನಾವು ಬಿಟ್ಟು ಬಂದ ಜಾಗದಲ್ಲೇ ಒಂದು ಸಣ್ಣ ಆಕಾರ ನಿಂತಿತ್ತು. ನಮ್ಮನೆಯವರು ಹೊದಿಕೆಯನ್ನು ಜೋರಾಗಿ ಬೀಸಿದರು. ಆ ಆಕಾರ ನಿಧಾನವಾಗಿ ನೀರಿನ ಕಡೆ ಬಗ್ಗಿತು.

"ಅಜ್ಜಿ ಬಿಟ್ಲು" ಎಂದಳು ಮಗಳು. "ಈಗ ನಡೀರಿ."